ತುಕ್ಕಾನಟ್ಟಿಯ ಹೊಂಡದಲ್ಲಿ ಮೂರು ಸುತ್ತು

ಮೋಟರು ಸುಟ್ಟ ವಾಸನೆ ಬಂದರೆ ಬೇರೆಯವರ ಮನೆಯಲ್ಲಿ ಗಾಬರಿ. ನಮ್ಮ ಮನೆಯಲ್ಲಿ ಅವ್ವ ಇನ್ನೊಂದು ಕಪ್ ಚಹಾಕ್ಕೆ ನೀರಿಡುತ್ತಿದ್ದಳು. ಆ ವಾಸನೆಯ ಜೊತೆಗೇ ಒಬ್ಬ ರೈತ ಬಂದಿರುತ್ತಿದ್ದ. ಅಪ್ಪ ಮೂಡಲಗಿಯಲ್ಲಿ ಪಂಪ್‌ಸೆಟ್ಟಿನ ಮೋಟರುಗಳನ್ನು ರಿವೈಂಡಿಂಗ್ ಮಾಡುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಸುಟ್ಟ ತಂತಿ ಕಿತ್ತು ತೆಗೆದು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಕುಡಿಸಿ, ದೊಡ್ಡ ಬಲ್ಬು ಉರಿಯುವ ತಗಡಿನ ಪೆಟ್ಟಿಗೆಯಲ್ಲಿ ಒಣಗಿಸಿ ಕೊಡುವುದು ಅವನ ಕೆಲಸ. ಮೂಡಲಗಿ ಆಗಿನ್ನೂ ತಾಲೂಕು ಆಗಿರಲಿಲ್ಲ. ಆದರೂ ಸುತ್ತಲಿನ ಕಬ್ಬಿನ ಹೊಲಗಳ ಮೋಟರುಗಳು ನಮ್ಮ ಕಟ್ಟೆಯ ಮೇಲೆ ಸಾಲುಗಟ್ಟಿ ಕೂತಿರುತ್ತಿದ್ದವು.

ಅಪ್ಪ ಮಾತಿನವನಲ್ಲ. ಒಂದೇ ವಿಷಯಕ್ಕೆ ಅವನ ಬಾಯಿ ತೆರೆಯುತ್ತಿತ್ತು. ಬಾವಿಯ ನೀರು ಇಳಿದು ಪೈಪಿನಲ್ಲಿ ನೀರು ಬರುವುದು ನಿಂತ ಮೇಲೂ ಮೋಟರು ಓಡಿಸಿದವನು ಸಿಕ್ಕರೆ, ಅವನು ಎಷ್ಟೇ ದೊಡ್ಡ ಜಮೀನುದಾರನಿರಲಿ, ಅಪ್ಪ ಅವನ ಚಳಿ ಬಿಡಿಸುತ್ತಿದ್ದ. ನೀರು ನಿಂತದ್ದು ಕಣ್ಣಿಗೆ ಕಂಡ ಮೇಲೆ ಮೋಟರು ಬಂದ್ ಮಾಡಲು ಪಂಚಾಂಗ ನೋಡಬೇಕೇನು ಎಂದು ಕೇಳುತ್ತಿದ್ದ. ಬೈಸಿಕೊಂಡವರು ತಲೆ ತಗ್ಗಿಸಿ ಚಹಾ ಕುಡಿದು ಹೋಗುತ್ತಿದ್ದರು. ಮುಂದಿನ ಬೇಸಿಗೆಗೆ ಅದೇ ಮೋಟರು ಹೊತ್ತುಕೊಂಡು ಮತ್ತೆ ಬರುತ್ತಿದ್ದರು.

ನಾನು ಆ ಕೋಣೆಯಲ್ಲೇ ಬೆಳೆದವಳು. ಹುಕ್ಕೇರಿಯಲ್ಲಿ ಹಾಸ್ಟೆಲಿನಲ್ಲಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಮನೆಗೆ ಬಂದ ದಿನವೇ, ಇನ್ನು ಅಂಗಡಿಯಲ್ಲಿ ಕೂರುತ್ತೇನೆ ಎಂದೆ. ಅಪ್ಪ ಬೇಡ ಎಂದ. ಧಾರವಾಡಕ್ಕೆ ಹೋಗಿ ಕೋಚಿಂಗ್ ಸೇರಿ ಸರ್ಕಾರಿ ಪರೀಕ್ಷೆ ಬರೆಯಬೇಕಂತೆ. ಗಿರಾಕಿಗಳ ಬಾಯಿ ಒರಟು, ವಾರ್ನಿಶ್ ಹೊಗೆ ಎದೆಗೆ ಕೆಟ್ಟದ್ದು ಎಂದು ಏನೇನೋ ಹೇಳಿದ. ಇಷ್ಟನ್ನು ಮನೆಯೊಳಗೆ ಹೇಳಿದ್ದರೆ ಹೇಗೋ ಒಲಿಸಿಕೊಳ್ಳುತ್ತಿದ್ದೆನೇನೋ. ಆದರೆ ನಾನೂ ಅವನ ಮಗಳೇ, ಸಿಟ್ಟು ಮೂಗಿನ ತುದಿಯಲ್ಲಿ. ಕಟ್ಟೆಯ ಮೇಲೆ ನಾಲ್ಕು ಜನ ಕೂತಿರುವಾಗಲೇ ವಾದಕ್ಕಿಳಿದೆ. ಅಪ್ಪನೂ ಆ ನಾಲ್ಕು ಜನರ ಮುಂದೆಯೇ, "ನಾ ಇರೂತನಕ ಈ ಅಂಗಡ್ಯಾಗ ಹೆಣ್ಣಮಗಳು ಕುಂದರೂದಿಲ್ಲ" ಎಂದುಬಿಟ್ಟ. ಹಾಗೆ ಮಂದಿಯ ಮುಂದೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ನಮ್ಮ ಕಡೆಯ ಗಂಡಸರಿಗೆ ಇಲ್ಲ. ಅವ್ವ ಕಪಾಟಿನ ಮೇಲಿಂದ ಧಾರವಾಡದ ಬ್ಯಾಗು ಇಳಿಸಿದಳು.

ಬ್ಯಾಗಿಗೆ ಬಟ್ಟೆ ತುಂಬುವ ಬದಲು ನಾನು ಒಂದು ದೋಣಿ ಕಟ್ಟಲು ಕೂತೆ. ನನ್ನ ಕೈಯಲ್ಲಿ ಕಸುಬು ಇದೆ ಎಂದು ಅಪ್ಪನಿಗೆ ತೋರಿಸಲು ಬೇರೆ ದಾರಿ ಹೊಳೆಯಲಿಲ್ಲ. ಅಂಗಡಿಯ ಒಂದು ಮೋಟರನ್ನೂ ಅವನು ನನಗೆ ಮುಟ್ಟಗೊಡುತ್ತಿರಲಿಲ್ಲ, ನನ್ನ ಬಳಿ ಸ್ವಂತದ್ದೆಂದು ಇದ್ದದ್ದು ಒಂದೇ ಮೋಟರು.

ಅದು ಸಿಕ್ಕದ್ದು ಹುಕ್ಕೇರಿಯಲ್ಲಿ. ಕೊನೆಯ ವರ್ಷ ನಮ್ಮ ಕ್ಲಾಸಿನ ಹುಡುಗರು ರಿಮೋಟಿನಿಂದ ಓಡುವ ಎರಡು ಅಡಿ ಉದ್ದದ ದೋಣಿಯೊಂದನ್ನು ಜೋಡಿಸಿ ಹಿಡಕಲ್ ಹಿನ್ನೀರಿನಲ್ಲಿ ಬಿಟ್ಟಿದ್ದರು. ಬ್ಯಾಟರಿಯ ಮೇಲೆ ಓಡುವ, ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ಮೋಟರು. ಆದರೆ ವೇಗವೆಂದರೆ ವೇಗ. ದೋಣಿ ನೀರಿನಲ್ಲಿ ತೇಲುತ್ತಿರಲಿಲ್ಲ, ನೀರನ್ನು ಅಲ್ಲಲ್ಲಿ ಮುಟ್ಟಿ ಹಾರುತ್ತಿತ್ತು. ಅಷ್ಟು ಓಡುವ ಮೋಟರು ಕಾದು ಕೆಂಡವಾಗುತ್ತದೆ, ಅದಕ್ಕೆ ನೀರಿನ ತಂಪು ಕೊಡಿ ಎಂದು ನಾನು ಹೇಳಿದ್ದೆ. ತೂಕ ಹೆಚ್ಚಾಗುತ್ತದೆಂದು ಹುಡುಗರು ನಕ್ಕರು. ಹತ್ತು ನಿಮಿಷಕ್ಕೆ ಒಳಗಿಂದ ಹೊಗೆ ಬಂತು, ಪ್ಲಾಸ್ಟಿಕ್ಕಿನ ಒಡಲು ಮೆತ್ತಗಾಗಿ ಸೊಟ್ಟಗಾಯಿತು. ಅವರು ಎಸೆಯಲು ಹೊರಟದ್ದನ್ನು ನಾನು ಕೇಳಿ ಇಸಿದುಕೊಂಡೆ: ಸುಟ್ಟ ಮೋಟರು, ಅದರ ವೇಗ ಹಿಡಿತದಲ್ಲಿಡುವ ಪುಟ್ಟ ಡಬ್ಬಿ, ಬ್ಯಾಟರಿ, ನೀರು ತಳ್ಳುವ ಪಂಖಾ, ರಿಮೋಟು.

ಹಿತ್ತಲಿನಲ್ಲಿ ಕೂತು ಆ ಮೋಟರನ್ನು ಬಿಚ್ಚಿದೆ. ಒಳಗಿನ ಸುರುಳಿಯನ್ನು ಅಂಟು ಹಾಕಿ ಕೂಡಿಸಿದ್ದರು. ಅವ್ವ ರೊಟ್ಟಿ ಮುಗಿಸಿ ಎದ್ದ ಮೇಲೆ ಅದೇ ಹಂಚಿನ ಮೇಲಿಟ್ಟು ಕಾಯಿಸಿದಾಗ ಅಂಟು ಬಿಟ್ಟಿತು. ಎರಡು ದಿನ ರೊಟ್ಟಿಗೆ ವಾರ್ನಿಶ್ ವಾಸನೆ ಬಂತು ಎನ್ನುವುದು ಅವ್ವನ ತಕರಾರು. ಕೂದಲಿಗಿಂತ ಸ್ವಲ್ಪ ದಪ್ಪನೆಯ ತಂತಿಯ ಹಲವು ಎಳೆ ಕೂಡಿಸಿ, ಬಿದಿರಿನ ಸೀಳಿನಿಂದ ಒತ್ತಿ ಒತ್ತಿ, ಮೋಟರಿನೊಳಗಿನ ಕಬ್ಬಿಣದ ಹಲ್ಲಿನಿಂದ ಹಲ್ಲಿಗೆ ಸುತ್ತಬೇಕು. ಒಂದು ಎಳೆಯ ಮೇಲಿನ ಬಣ್ಣ ಕೆರೆದರೂ ಮುಗಿಯಿತು, ಎಲ್ಲ ಬಿಚ್ಚಬೇಕು. ನಾಲ್ಕು ಸಲ ಬಿಚ್ಚಿದೆ. ಅಪ್ಪ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಒಂದು ಬೆಳಗ್ಗೆ ಎದ್ದು ನೋಡಿದರೆ ನನ್ನ ಸುರುಳಿಯ ಪಕ್ಕದಲ್ಲಿ ತಂತಿಗೆ ತೊಡಿಸುವ, ಅಂಗಡಿಯ ಅತಿ ತೆಳ್ಳನೆಯ ಸ್ಲೀವಿನ ಒಂದು ಕಟ್ಟು ಇತ್ತು. ಅವ್ವನನ್ನು ಕೇಳಿದರೆ ತನಗೆ ಗೊತ್ತಿಲ್ಲ ಎಂದಳು. ನಾನೂ ಯಾರನ್ನೂ ಕೇಳದೆ ಅದನ್ನೇ ಹಾಕಿದೆ.

ಮೋಟರು ತಯಾರಾಯಿತು, ದೋಣಿಯ ಒಡಲು ಬೇಕಲ್ಲ. ಅದಕ್ಕೆ ಗೋಕಾಕಕ್ಕೆ ಹೋದೆ. ಅಲ್ಲಿ ಅಪ್ಪನ ಹಳೆಯ ದೋಸ್ತ ಒಬ್ಬನಿದ್ದ, ಮರದ ಗೊಂಬೆ, ಬಣ್ಣದ ಹಣ್ಣು ಮಾಡುವವನು. ನಾನು ಅವನನ್ನು ಗೊಂಬೆ ಕಾಕಾ ಎನ್ನುತ್ತಿದ್ದೆ. ಅವನು ಮಾಡಿದ ಸೀತಾಫಲವನ್ನು ಚಿಕ್ಕವಳಿದ್ದಾಗ ಕಚ್ಚಿ ನಾನು ಹಲ್ಲು ಮುರಿದುಕೊಂಡಿದ್ದೆ. ನನ್ನ ಕಾಗದದ ಮೇಲಿನ ಗೆರೆಗಳನ್ನು ತಿರುಗಾಮುರುಗಾ ಮಾಡಿ ನೋಡಿದ ಕಾಕಾ, ಗೊಂಬೆಗೆ ಬಳಸುವ ಹಗುರ ಮರವನ್ನೇ ಕೆತ್ತಿ ನಾಲ್ಕು ದಿನದಲ್ಲಿ ಒಂದು ದೋಣಿ ಕೈಯಲ್ಲಿಟ್ಟ. ಚೂಪು ಮೂತಿ, ಚಪ್ಪಟೆ ತಳ, ಮೇಲೆ ಮುಚ್ಚಳ. ಹಸಿರು ಬಣ್ಣ, ಎರಡೂ ಬದಿಗೆ ಹಳದಿ ಗೆರೆ, ಮೂತಿಗೆ ಎರಡು ಕಣ್ಣು ಬೇರೆ ಬರೆದಿದ್ದ. ಕಣ್ಣು ಯಾಕೆ ಎಂದರೆ, ಕಣ್ಣಿಲ್ಲದ್ದನ್ನು ತಾನು ಈ ತನಕ ಅಂಗಡಿಯಿಂದ ಹೊರಗೆ ಕಳಿಸಿಲ್ಲ ಎಂದ.

ಮನೆಗೆ ತಂದು, ಪಂಪು ಪರೀಕ್ಷೆ ಮಾಡುವ ನಮ್ಮ ಸಿಮೆಂಟಿನ ಟಾಕಿಯಲ್ಲಿ ಬಿಟ್ಟೆ. ತೇಲಿತು. ಊಟ ಮುಗಿಸಿ ಬಂದು ನೋಡಿದರೆ ದೋಣಿಗೆ ಸಿಡುಬು ಎದ್ದಿತ್ತು. ಬಣ್ಣವೆಲ್ಲ ಗುಳ್ಳೆ ಗುಳ್ಳೆ, ಒಳಗಿಂದ ಬೂದುಬಣ್ಣದ ಗಂಜಿ ಸೋರುತ್ತಿತ್ತು. ಗೊಂಬೆ ಮಾಡುವವರು ಸಂದುಗಳಿಗೆ ಹುಣಸೆ ಬೀಜದ ಸರಿಯಲ್ಲಿ, ಅಂದರೆ ಅಂಟುಗಂಜಿಯಲ್ಲಿ, ಮರದ ಪುಡಿ ಕಲಸಿ ತುಂಬುತ್ತಾರೆ. ಗೊಂಬೆ ನೂರು ವರ್ಷ ಗೂಡಿನಲ್ಲಿ ಕೂತರೂ ಏನೂ ಆಗದು. ಅದನ್ನು ನೀರಿಗೆ ಹಾಕಿದವರು ಯಾರೂ ಇರಲಿಲ್ಲ. ಸುದ್ದಿ ಕೇಳಿ ಕಾಕಾ ಮರುದಿನವೇ ಬಸ್ಸು ಹತ್ತಿ ಬಂದ. ತನ್ನ ಕೈಯ ಕೆಲಸ ಹೀಗಾದದ್ದು ಅವನಿಗೆ ನಿಜಕ್ಕೂ ನೋವಾಗಿತ್ತು. ಇಬ್ಬರೂ ಕೂತು ಆ ಸರಿಯನ್ನೆಲ್ಲ ಕೆರೆದು ತೆಗೆದು ಬೇರೆ ಅಂಟು ತುಂಬಿದೆವು. ಆಗ ಅಪ್ಪ ಒಳಗಿನಿಂದ ಬಂದ. ನನ್ನ ಕಡೆ ನೋಡದೆ, ಕಾಕಾನ ಕೈಯಿಂದ ದೋಣಿ ತೆಗೆದುಕೊಂಡು ಹೋಗಿ ಮೋಟರಿಗೆ ಕುಡಿಸುವ ವಾರ್ನಿಶ್ ಡಬ್ಬಿಯಲ್ಲಿ ಮುಳುಗಿಸಿ ಎತ್ತಿದ. ಬಲ್ಬಿನ ಪೆಟ್ಟಿಗೆಯಲ್ಲಿ ಒಣಗಿಸಿದ ಮೇಲೆ ಒಂದು ಹನಿಯೂ ಒಳಗೆ ಹೋಗಲಿಲ್ಲ. ಕಣ್ಣು ಮಾತ್ರ ಸ್ವಲ್ಪ ಕೆಂಪಗಾದವು.

ಅಂದು ಚಹಾ ಕುಡಿಯುವಾಗ ಕಾಕಾನೇ ಮಾತು ತೆಗೆದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಇರುವುದು ಅವನಿಗೆ ಗೊತ್ತಾಗಿತ್ತು. "ದೋಸ್ತ, ಆಕಿ ಸುತ್ತಿದ ಮೋಟರ ಒಂದ ಹೊಂಡಕ್ಕ ಮೂರ ಸುತ್ತ ನಡುವ ನಿಲ್ಲದ ಓಡಿತಂದ್ರ ಅಂಗಡಿ ಆಕೀದು. ನಿಂತಿತಂದ್ರ ಧಾರವಾಡಕ್ಕ ಹೋಗಲಿ. ಏನಂತಿ?" ಅಪ್ಪ ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿದ. ಆಮೇಲೆ "ಆತು" ಎಂದ. ಅಷ್ಟು ಬೇಗ ಒಪ್ಪಿದನಲ್ಲ, ಸೋಲುತ್ತೇನೆಂದು ಖಾತ್ರಿಯಿದ್ದೇ ಒಪ್ಪಿದ್ದಾನೆ ಎಂದು ನನಗೆ ಉರಿದುಹೋಯಿತು.

ಈಗ ಉಳಿದದ್ದು ತಂಪು ಮಾಡುವ ಕೆಲಸ, ಇಡೀ ದೋಣಿಯಲ್ಲಿ ಕಷ್ಟದ್ದು ಅದೇ. ಉಪಾಯ ಸರಳ. ಮೋಟರಿನ ಮೈಗೆ ತೆಳ್ಳನೆಯ ತಾಮ್ರದ ನಳಿಗೆಯನ್ನು ಒತ್ತೊತ್ತಾಗಿ ಸುತ್ತುವುದು. ಅದರ ಒಂದು ತುದಿ ಪಂಖಾದ ಹಿಂದೆ ನೀರಿನೊಳಗೆ ಮುಂದಕ್ಕೆ ಬಾಯಿ ತೆರೆದಿರಬೇಕು. ಪಂಖಾ ಹಿಂದಕ್ಕೆ ತಳ್ಳಿದ ರಭಸಕ್ಕೇ ನೀರು ಆ ಬಾಯಿಯಲ್ಲಿ ಹೊಕ್ಕು, ಮೋಟರಿನ ಬಿಸಿ ಹೀರಿಕೊಂಡು, ಬಲಬದಿಯ ತೂತಿನಿಂದ ಹೊರಗೆ ಚಿಮ್ಮುತ್ತದೆ. ಬದಿಯಲ್ಲಿ ನೀರು ಚಿಮ್ಮುತ್ತಿರುವ ತನಕ ಮೋಟರು ತಂಪಾಗಿದೆ ಎಂದು ತಿಳಿಯಬೇಕು. ಚಿಮ್ಮುವುದು ನಿಂತರೆ ಕೂಡಲೇ ನಿಲ್ಲಿಸಬೇಕು.

ನಮ್ಮ ಓಣಿಯ ಫ್ರಿಜ್ ರಿಪೇರಿಯವನು ತಾಮ್ರದ ನಳಿಗೆ ಕೊಟ್ಟ. ಅದನ್ನು ಬಾಗಿಸಿದರೆ ಸಾಕು, ಮಡಿಚಿಕೊಂಡು ದಾರಿ ಮುಚ್ಚಿಹೋಗುತ್ತಿತ್ತು. ಒಳಗೆ ಏನಾದರೂ ಗಟ್ಟಿಯಾಗಿ ತುಂಬಿ ಬಾಗಿಸಬೇಕು. ಮರಳು ದಪ್ಪವಾಯಿತು. ಕೊನೆಗೆ ಅವ್ವನ ರಂಗೋಲಿ ಡಬ್ಬಿಗೆ ಕೈ ಹಾಕಿದೆ. ಪುಡಿ ತುಂಬಿ, ಎರಡೂ ತುದಿ ಬಡಿದು ಮುಚ್ಚಿ, ಲಟ್ಟಣಿಗೆಯ ಮೇಲೆ ಮೆಲ್ಲಗೆ ಸುತ್ತಿದರೆ ಎಂಟು ಸುತ್ತೂ ಬಳೆಯಂತೆ ದುಂಡಗೆ ಬಂದವು. ತುದಿ ಕತ್ತರಿಸಿ ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸಿದಾಗ ಪುಡಿಯೆಲ್ಲ ಆ ಅಂಗಡಿಯವನ ಮೀಸೆಯ ಮೇಲೆ ಕೂತಿತು. ನಳಿಗೆಗೆ ಜೋಡಿಸಲು ದವಾಖಾನೆಯಿಂದ ಸಲೈನಿನ ಹೊಸ ಪೈಪು ತಂದೆ. ಒಂದು ಸಂಜೆ ಟಾಕಿಯಲ್ಲಿ ದೋಣಿಯನ್ನು ಕೈಯಿಂದ ಹಿಡಿದು ಪಂಖಾ ತಿರುಗಿಸಿದೆ. ಬದಿಯ ತೂತಿನಿಂದ ಗೇಣುದ್ದ ನೀರು ಚಿಮ್ಮಿ ನನ್ನ ಲಂಗ ತೋಯಿಸಿತು. ಆ ಖುಷಿಗೆ ನಾನು ಒಬ್ಬಳೇ ನಕ್ಕೆ.

ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಎಷ್ಟೋ ದಿನದ ಮೇಲೆ ನನ್ನೊಂದಿಗೆ ನೇರ ಮಾತಾಡಿದ: ನೀರು ಎಳೆಯುವ ಬಾಯಿಗೆ ಜಾಳಿಗೆ ಎಲ್ಲಿ ಎಂದು ಕೇಳಿದ. ಬಾವಿಗೆ ಇಳಿಬಿಡುವ ಪ್ರತಿ ಪೈಪಿನ ತುದಿಗೂ ಕಸ ತಡೆಯಲು ಜಾಳಿಗೆ ಇರುತ್ತದೆ. ಜಾಳಿಗೆಯಿಲ್ಲದ ಪೈಪನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ನನಗೂ ಅದು ಸರಿ ಎನಿಸಿತು, ಜೊತೆಗೆ ಅಪ್ಪ ಮಾತಾಡಿದ್ದೇ ಹೆಚ್ಚಾಗಿತ್ತು. ಅವನು ಅವ್ವನ ಚಹಾ ಸೋಸುವ ಜಾಳಿಗೆಯಿಂದ ಕಾಳಿನಷ್ಟು ತುಂಡು ಕತ್ತರಿಸಿ, ನಳಿಗೆಯ ಬಾಯಿಗೆ ಟೋಪಿಯಂತೆ ಬೆಸುಗೆ ಹಾಕಿಕೊಟ್ಟ. ಅಷ್ಟು ನಾಜೂಕಾದ ಬೆಸುಗೆ ನಾನು ಇಂದಿಗೂ ಹಾಕಲಾರೆ. ಅವ್ವ ಒಂದು ವಾರ ಚಹಾ ಬಟ್ಟೆಯಲ್ಲಿ ಸೋಸಿದಳು, ಬೈಗುಳವನ್ನು ಮಾತ್ರ ಸೋಸಲಿಲ್ಲ.

ಓಡಿಸಲು ತುಕ್ಕಾನಟ್ಟಿಯ ಒಬ್ಬ ರೈತನ ಕೃಷಿಹೊಂಡ ಗೊತ್ತಾಯಿತು. ಅಪ್ಪನಿಂದ ಮೂರು ಬೇಸಿಗೆ ಸತತ ಬೈಸಿಕೊಂಡ ಗಿರಾಕಿ ಅವನು, ಆದರೂ ಅಪ್ಪನೆಂದರೆ ಪ್ರಾಣ. ಕಬ್ಬು ಕಡಿಯುವ ಕಾಲ. ಹೊಂಡದ ಮೂರು ಬದಿಗೂ ಕಡಿದ ಕಬ್ಬಿನ ಒಣ ಎಲೆ, ನಾವು ರವದಿ ಎನ್ನುವುದು, ಹಾಸಿಗೆಯಂತೆ ಬಿದ್ದಿತ್ತು. ಬೆಳಗಿನ ಬಿಸಿಲು, ಸ್ವಲ್ಪ ಗಾಳಿ. ಅವ್ವ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಕಾಕಾ ಗೋಕಾಕದಿಂದ ಕರದಂಟು ತಂದಿದ್ದ. ಗೆದ್ದರೂ ತಿನ್ನೋಣ, ಸೋತರೂ ತಿನ್ನೋಣ ಎಂದ. ಅಪ್ಪ ಯಾರ ಜೊತೆಗೂ ನಿಲ್ಲದೆ ಹೊಂಡದ ಆಚೆ ದಂಡೆಗೆ ಹೋಗಿ ಕೈಕಟ್ಟಿ ನಿಂತ.

ನಾನು ದೋಣಿ ನೀರಿಗೆ ಬಿಟ್ಟು ರಿಮೋಟಿನ ಗುಂಡಿ ಒತ್ತಿದೆ. ಕೆಂಪು ಕಣ್ಣಿನ ಹಸಿರು ದೋಣಿ ಒಂದು ಕ್ಷಣ ಮೂತಿ ಎತ್ತಿ ಯೋಚಿಸಿದಂತೆ ಮಾಡಿತು, ಆಮೇಲೆ ಹಾರಿತು. ಅದರ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಹೊಂಡದ ಮೀನುಗಳೆಲ್ಲ ಒಂದು ಮೂಲೆ ಸೇರಿದವು ಎಂದು ಹೊಲದವನು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಮೊದಲ ಸುತ್ತಿನಲ್ಲಿ ಬಲಬದಿಯ ನೀರು ಬಿಸಿಲಿಗೆ ಬೆಳ್ಳಿಯ ತಂತಿಯಂತೆ ಚಿಮ್ಮುತ್ತಿತ್ತು. ಎರಡನೆಯದರಲ್ಲೂ ಚಿಮ್ಮುತ್ತಿತ್ತು, ಕಾಕಾ ಎಣಿಸುತ್ತಾ ಕುಣಿಯುತ್ತಿದ್ದ. ಮೂರನೆಯ ಸುತ್ತಿಗೆ ಹೊರಳಿ ಆಚೆ ಬದಿಗೆ ಹೋದಾಗ ನೋಡಿದೆ. ನೀರು ಚಿಮ್ಮುತ್ತಿರಲಿಲ್ಲ.

ಕಣ್ಣು ತಪ್ಪಿತೇನೋ ಎಂದು ಮತ್ತೆ ನೋಡಿದೆ. ಬದಿ ಒಣಗಿತ್ತು. ನಾನು ಡಿಪ್ಲೊಮಾ ಓದಿದವಳು, ಅದಕ್ಕಿಂತ ಹೆಚ್ಚಾಗಿ ಆ ಅಪ್ಪನ ಮಗಳು. ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಬೆರಳು ಎತ್ತಿದರೆ ಸಾಕು, ಮೋಟರು ಉಳಿಯುತ್ತದೆ. ಎತ್ತಿದರೆ ದೋಣಿ ನಿಲ್ಲುತ್ತದೆ, ನಾನು ಧಾರವಾಡಕ್ಕೆ ಹೋಗುತ್ತೇನೆ. ಇನ್ನು ಅರ್ಧ ಸುತ್ತು ಉಳಿದಿತ್ತು. ಬೆರಳನ್ನು ಇನ್ನೂ ಗಟ್ಟಿಯಾಗಿ ಒತ್ತಿದೆ. ನಾಲ್ಕು ಸಲ ಬಿಚ್ಚಿ ಸುತ್ತಿದ ಸುರುಳಿ ಅದು, ನನ್ನ ಕೈಯಾರೆ ಸುಡುತ್ತಿದ್ದೇನೆ ಎಂದು ಗೊತ್ತಿದ್ದೂ ಒತ್ತಿದೆ. ಅಪ್ಪನ ಕಡೆ ಮಾತ್ರ ನೋಡಲಿಲ್ಲ.

ದೋಣಿ ಹೊರಟ ಜಾಗ ದಾಟಿತು. ದಾಟಿದ ಮೇಲೆ ಸದ್ದು ಒಡೆದು, ತಾನಾಗಿಯೇ ನಿಂತು, ತೇಲುತ್ತಾ ದಂಡೆಗೆ ಬಂತು. ಮುಚ್ಚಳ ತೆಗೆದ ಕೂಡಲೇ ಬಂದ ವಾಸನೆ ಅಲ್ಲಿದ್ದ ಎಲ್ಲರಿಗೂ ಪರಿಚಯದ್ದೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಅವ್ವ ಗೊಣಗಿದಳು. ಕಾಕಾ ಯಾರಿಗೂ ಮಾತಾಡಲು ಬಿಡದೆ ಮೂರು ಸುತ್ತು ಮುಗಿದವು, ಕರಾರಿನಲ್ಲಿ ಬೇರೆ ಏನೂ ಇರಲಿಲ್ಲ ಎಂದು ಕೂಗಿದ. ಅಪ್ಪ ನಿಧಾನಕ್ಕೆ ಈಚೆ ದಂಡೆಗೆ ಬಂದ. ದೋಣಿ ಎತ್ತಿ ತಿರುವಿ ಹಾಕಿ ಜಾಳಿಗೆ ನೋಡಿದ. ಅದರ ಮೇಲೆ ಒಂದು ಎಸಳು ರವದಿ ಪಾಚಿಯೊಂದಿಗೆ ಅಂಟಿ ಕೂತಿತ್ತು. ಬಾವಿಯಲ್ಲಿ ನಿಂತ ಪೈಪಿಗೆ ಸರಿ, ಹಾರುವ ದೋಣಿಗೆ ಜಾಳಿಗೆ ಹಾಕಬಾರದಿತ್ತು. ಬರಿ ಬಾಯಿಯಾಗಿದ್ದರೆ ಆ ಎಸಳು ಒಂದೋ ಒಳಗೆ ಹಾದುಹೋಗುತ್ತಿತ್ತು, ಇಲ್ಲವೇ ಕೊಚ್ಚಿಹೋಗುತ್ತಿತ್ತು. ಅಪ್ಪ ಅದನ್ನು ಉಗುರಿನಿಂದ ಕಿತ್ತು ಬಿಸಾಡಿ, ತಪ್ಪು ತನ್ನದೇ ಎಂದ. ಆಮೇಲೆ ನನ್ನ ಕಡೆ ನೋಡದೆಯೇ, "ನಾಳಿ ಒಂಬತ್ತಕ್ಕ ಅಂಗಡಿ ತಗಿ" ಎಂದ.

ತಪ್ಪನ್ನು ಅವನು ತನ್ನ ತಲೆಯ ಮೇಲೆ ಹಾಕಿಕೊಂಡಾಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕರದಂಟು ತಿಂದೆ.

ಮರುದಿನ ನನ್ನ ಮೊದಲ ಕೆಲಸವಾಗಿ ಅಪ್ಪ ಮುಂದಿಟ್ಟದ್ದು ಅದೇ ಸುಟ್ಟ ಪುಟ್ಟ ಮೋಟರು. ಈ ಸಲ ಪಕ್ಕದಲ್ಲೇ ಕೂತು ಹೇಳಿಕೊಟ್ಟ. ತಂತಿಯನ್ನು ಎಳೆಯಬಾರದು, ಕರೆಯಬೇಕು ಎಂದ. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಹಿತವಾಗುತ್ತದೆ. ಬೆಳಗಿನ ಹೊತ್ತು ಇಬ್ಬರೂ ಒಂದೇ ಚಾಪೆಯ ಮೇಲೆ, ನಡುವೆ ತಂತಿಯ ಉಂಡೆ, ಅವನು ಹೆಚ್ಚು ಮಾತಾಡುತ್ತಿರಲಿಲ್ಲ, ನನಗೂ ಬೇಕಿರಲಿಲ್ಲ. ಜಾಳಿಗೆ ಕಿತ್ತ ದೋಣಿಯನ್ನು ಆಮೇಲೆ ಎಷ್ಟೋ ಭಾನುವಾರ ಓಡಿಸಿದೆವು. ರಿಮೋಟು ಒಮ್ಮೆ ಅಪ್ಪನ ಕೈಗೆ ಹೋದರೆ ವಾಪಸು ಬರುತ್ತಿರಲಿಲ್ಲ. ಗೊಂಬೆ ಕಾಕಾ ಈಗ ಇಲ್ಲ. ಅವನು ಬರೆದ ಕಣ್ಣುಗಳು ಇನ್ನೂ ಮಾಸಿಲ್ಲ.

ಅಂಗಡಿ ಈಗ ನನ್ನದೇ. ಗಿರಾಕಿಗಳ ಒರಟು ಬಾಯಿಗೆ ನನ್ನ ಬಾಯಿ ಏನೂ ಕಡಿಮೆಯಿಲ್ಲ ಎಂದು ಅವರೂ ಕಲಿತಿದ್ದಾರೆ. ಆದರೆ ನೀರು ನಿಂತ ಮೇಲೂ ಮೋಟರು ಓಡಿಸಿದವನು ಎದುರು ಕೂತಾಗ ಬೈಯಲು ಹೊರಟರೆ ಪ್ರತಿ ಸಲ ಆ ಮೂರನೆಯ ಸುತ್ತು ನೆನಪಾಗುತ್ತಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮೋಸದಿಂದ ಕೂತ ಜಾಗ ಇದು ಎಂದು ನನಗೆ ನಾನೇ ಎಷ್ಟು ಸಲ ಅಂದುಕೊಂಡಿದ್ದೇನೋ. ಅಪ್ಪನಿಗೆ ಗೊತ್ತಾದರೆ ಏನೆಂದುಕೊಂಡಾನು ಎಂಬ ಅಂಜಿಕೆ ವರ್ಷ ಕಳೆದಂತೆ ಕಡಿಮೆಯಾಗುವ ಬದಲು ಹೆಚ್ಚಾಯಿತು.

ಈ ಬೇಸಿಗೆಯ ಒಂದು ಮಧ್ಯಾಹ್ನ ಹಾಗೇ ಮೋಟರು ಸುಟ್ಟುಕೊಂಡು ಬಂದ ನಾಗನೂರಿನ ಒಬ್ಬ ರೈತನಿಗೆ ಚೆನ್ನಾಗಿ ಬೈದು ಕಳಿಸಿದೆ. ಅಪ್ಪ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ. ಈಗ ಅವನಿಗೆ ತಂತಿ ಕಾಣುವುದಿಲ್ಲ, ಆದರೂ ದಿನಾ ಅಂಗಡಿಗೆ ಬರದಿದ್ದರೆ ಊಟ ಸೇರದು. ನನ್ನ ಬೈಗುಳ ಕೇಳಿ ಅವನು ಸಣ್ಣಗೆ ನಕ್ಕದ್ದು ಕಂಡಿತು. ಆ ನಗುವನ್ನು ನನ್ನಿಂದ ತಾಳಲಾಗಲಿಲ್ಲ. ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹೇಳಿಬಿಟ್ಟೆ: "ಅಪ್ಪಾ, ತುಕ್ಕಾನಟ್ಟ್ಯಾಗ ಮೂರನೇ ಸುತ್ತಿಗೆ ನೀರು ನಿಂತಿದ್ದು ನನಗ ಕಂಡಿತ್ತು. ಕಂಡೂ ಓಡಿಸಿದೆ."

ಅವನು ಕೈಯಲ್ಲಿದ್ದ ಶೇಂಗಾ ಸುಲಿದು ಮುಗಿಸಿದ. ಸಿಪ್ಪೆ ಒಂದು ಕಡೆ ಹಾಕಿದ.

"ನನಗೂ ಕಂಡಿತ್ತು," ಎಂದ.

ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಇದನ್ನು ಒಬ್ಬಳೇ ಹೊತ್ತು ತಿರುಗಿದ್ದೆನಲ್ಲ. ನೀರು ನಿಂತದ್ದನ್ನು ನೋಡಿ ಅವನು ಬಾಯಿ ಮುಚ್ಚಿಕೊಂಡಿದ್ದದ್ದು ಇಡೀ ಜನ್ಮದಲ್ಲಿ ಅದೊಂದೇ ಸಲ ಇರಬೇಕು. ಹಾಗಾದರೆ ಆಚೆ ದಂಡೆಯಿಂದ ಯಾಕೆ ಕೂಗಲಿಲ್ಲ ಎಂದು ಕೇಳಿದೆ.

ಅಪ್ಪ ಸುಲಿದ ಕಾಳುಗಳನ್ನು ನನ್ನ ಅಂಗೈಗೆ ಸುರಿದ.

"ಕೂಗಿದ್ರ ನೀ ನಿಲ್ಲಸ್ತಿದ್ದಿ."